ಸರ್ಪಗಂಧ

ಔಷಧೀಯ ಗುಣವುಳ್ಳ ಗಿಡಮೂಲಿಕೆಗಳು ಭಾರತದಲ್ಲಿ ಹೇರಳವಾಗಿವೆ. ಅವುಗಳ ಉಪಯೋಗವನ್ನು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು. ಆದರೆ ಮೂಲಿಕೆಯು ರೋಗವನ್ನು ಶಮನಗೊಳಿಸುವುದು ಹೇಗೆ, ಅದರಲ್ಲಿ ಅಡಗಿರುವ ವಸ್ತು ಯಾವುದು, ಅದನ್ನು ಎಷ್ಟು ಪ್ರಮಾಣದಲ್ಲಿ ಕೊಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ವಿಜ್ಞಾನದ ನೆರವು ಅಗತ್ಯ. ಅನುಭವವೂ ವಿಜ್ಞಾನವೂ ಒಂದುಗೂಡಿದುದರ ಫಲಕ್ಕೆ ಸರ್ಪಗಂಧವು ಉತ್ತಮ ನಿದರ್ಶನವಾಗಿದೆ.

ಸರ್ಪಗಂಧವು ಕಣಗಿಲೆಯ ಕುಟುಂಬಕ್ಕೆ ಸೇರಿದ ಚಿಕ್ಕ ಪೊದೆಗಿಡ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಹಿಮಾಲಯದ ತಪ್ಪಲಿನಲ್ಲಿಯೂ ಪಶ್ಚಿಮ ಘಟ್ಟಗಳಲ್ಲಿಯೂ ತೇವವುಳ್ಳ ಕಾಡುಗಳ ನೆರಳಿನಲ್ಲಿ ಇದು ಬೆಳೆಯುತ್ತದೆ. ಇದರ ಎತ್ತರ ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸು. ಗೆಣ್ಣಿನ ಸುತ್ತ ಮೂರು ನಾಲ್ಕು ಎಲೆಗಳು, ಕೆಂಪು ತೊಟ್ಟಿನ ಮೇಲೆ ಬಿಳಿಯ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಸಣ್ಣ ಕಾಯಿಗಳು ಇದರ ಗುರುತುಗಳು. ಇದರ ಸಸ್ಯಶಾಸ್ತ್ರೀಯ ನಾಮ ರಾವುಲ್ಫಿಯಾ ಸರ್ಪೆಂಟೀನಾ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ಲಿಯೋನ್‌ಹಾರ್ಟ್ ರಾವುಲ್ಫ್‌ನ ಸ್ಮರಣಾರ್ಥವಾಗಿ ಈ ಹೆಸರು ಬಂದಿದೆ.

ಗಿಡದ ಸತ್ವವೆಲ್ಲ ಮುಖ್ಯವಾಗಿ ಅದರ ಬೇರಿನಲ್ಲಿದೆ. ನಿದ್ರಾಹೀನತೆ, ಉನ್ಮಾದ ಮೊದಲಾದವುಗಳಿಗೆ ದೇಶೀಯ ವೈದ್ಯರು ಈ ಕಹಿಬೇರಿನ ಚೂರ್ಣವನ್ನು ಬಹುಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು, ಈ ಬೇರು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ಅಧಿಕ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಎಂಬ ರಸಾಯನ ವಿಜ್ಞಾನಿಗಳು ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಆಲ್ಕಲಾಯ್ಡ್‌ಗಳೆಂದರೆ ಸಾರಜನಕವನ್ನು ಒಳಗೊಂಡ, ಕ್ಷಾರಗುಣವುಳ್ಳ ಸಸ್ಯಜನ್ಯ ವಸ್ತುಗಳು. ಅವುಗಳಲ್ಲೊಂದಕ್ಕೆ ಹಕೀಮ್ ಅಜ್ಮಲ್ ಖಾನರ ಗೌರವಾರ್ಥ ಅಜ್ಮಲಿನ್ ಎಂದು ಹೆಸರಿಟ್ಟರು. ಅದು ಮುಂದೆ ಹೃದಯ ಬಡಿತದ ಏರುಪೇರಿನ ಚಿಕಿತ್ಸೆಗೆ ಒದಗಿತು.

ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ರೋಗಿಗಳಿಗೆ ಬೇರಿನ ಔಷಧವನ್ನು ಕೊಟ್ಟು ಪರಿಣಾಮಗಳನ್ನು ಕ್ರಮವಾಗಿ ಅಭ್ಯಸಿಸಿ, 1949ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇದರಿಂದ ಜಗತ್ತಿನ ಗಮನ ಸರ್ಪಗಂಧದತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಶೋಧಕರು ರೆಸರ್ಪಿನ್ ಎಂಬ ಪ್ರಬಲ ಆಲ್ಕಲಾಯ್ಡನ್ನು ಶುದ್ಧರೂಪದಲ್ಲಿ ಪಡೆದರು. ಇದರ ಒಂದು ಅಣುವಿನಲ್ಲಿ ಇಂಗಾಲದ 33, ಜಲಜನಕದ 40, ಸಾರಜನಕದ 2 ಮತ್ತು ಆಮ್ಲಜನಕದ 9 ಪರಮಾಣುಗಳಿವೆ. ಇಷ್ಟು ಜಟಿಲವಾದ ಅಣುವನ್ನು ಅಮೆರಿಕದ ರಾಬರ್ಟ್ ವುಡ್‌ವರ್ಡ್ ಮತ್ತು ಅವರ ಸಂಗಡಿಗರು 1956ರಲ್ಲಿ ಪ್ರಯೋಗಶಾಲೆಯಲ್ಲಿಯೇ ನಿರ್ಮಿಸಿದರು.

ರೆಸರ್ಪಿನ್ ಕೆಲಸ ಮಾಡುವ ಬಗೆ ಕುತೂಹಲಕರ. ನರತಂತುಗಳ ತುದಿಯಲ್ಲಿರುವ ಅತಿಸೂಕ್ಷ್ಮ ಕೋಶಿಕೆಗಳಲ್ಲಿ ನಾರ್‌ಅಡ್ರಿನಲಿನ್ ಮುಂತಾದ ರಾಸಾಯನಿಕಗಳು ಸಂಗ್ರಹವಾಗಿರುತ್ತವೆ. ನಾರ್‌ಅಡ್ರಿನಲಿನ್ ಹೊರಬಂದಾಗ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಕಣಜಕ್ಕೆ ಕಾಳು ಹೋಗದಂತೆ ಬಾಗಿಲು ಮುಚ್ಚಿದರೆ ಒಳಗಿನ ದಾಸ್ತಾನು ಬರಿದಾಗುವಂತೆ, ರೆಸರ್ಪಿನ್ ಈ ಸಂಗ್ರಹವನ್ನು ತಡೆದು ಕೋಶಿಕೆಗಳನ್ನು ಬರಿದುಮಾಡುತ್ತದೆ. ಆಗ ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಮಿದುಳಿನಲ್ಲಿಯೂ ಇದೇ ಕ್ರಿಯೆ ನಡೆಯುವುದರಿಂದ ಉದ್ರಿಕ್ತ ಮನಸ್ಸು ಶಾಂತವಾಗುತ್ತದೆ.

ಆದರೆ ಹಿತ ಮಾಡುವ ಗುಣವೇ ಪ್ರಮಾಣ ಮೀರಿದಾಗ ಅಹಿತಕ್ಕೆ ಕಾರಣವಾಗುತ್ತದೆ. ರೆಸರ್ಪಿನ್ ಹೆಚ್ಚಾದರೆ ಜಡತೆಯೂ ತೀವ್ರ ಖಿನ್ನತೆಯೂ ಉಂಟಾಗಬಹುದು. ಒಂದು ಗಿಡದ ಬೇರಿನಲ್ಲಿರುವಷ್ಟೇ ಸತ್ವ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ ಚೂರ್ಣವನ್ನು ಮನಬಂದಂತೆ ಸೇವಿಸುವುದು ಅಪಾಯಕರ. ಹೊಸ ಔಷಧಗಳು ಬಂದಮೇಲೆ ವೈದ್ಯರು ರೆಸರ್ಪಿನ್ ಅನ್ನು ವಿರಳವಾಗಿ ಬಳಸುತ್ತಾರೆ. ಹಾವಿನ ವಿಷಕ್ಕೆ ಸರ್ಪಗಂಧವು ಮದ್ದೆಂಬ ನಂಬಿಕೆಯೂ ಇದೆ; ಇದಕ್ಕೆ ಆಧಾರವಿಲ್ಲ. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಿ ಪ್ರತಿವಿಷದ ಚುಚ್ಚುಮದ್ದು ಕೊಡಿಸುವುದೊಂದೇ ದಾರಿ.

ಎಲೆಯನ್ನು ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ. ಬೇರನ್ನೇ ಅಗೆದರೆ ಗಿಡ ಉಳಿಯುವುದಿಲ್ಲ. ಇದರ ಬೀಜಗಳು ಮೊಳೆಯುವುದೂ ಕಡಿಮೆ. ಔಷಧಕ್ಕಾಗಿ ಎಗ್ಗಿಲ್ಲದೆ ಅಗೆದುದರಿಂದ ಸರ್ಪಗಂಧ ಕಾಡುಗಳಲ್ಲಿ ಅಪರೂಪವಾಯಿತು. 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರವು ಒಪ್ಪಂದವೊಂದರ ನಿಯಂತ್ರಣಕ್ಕೆ ಒಳಪಟ್ಟಿದೆ. ಹೊಲಗಳಲ್ಲಿ ಬೆಳೆಸಿ ಬೇರನ್ನು ಪಡೆಯುವುದು, ಕಾಡಿನ ಗಿಡಗಳನ್ನು ಉಳಿಸುವುದು ಇಂದಿನ ಅಗತ್ಯ. ಮನುಕುಲದ ನೋವನ್ನು ನೀಗಿದ ಗಿಡವನ್ನು ಕಾಪಾಡುವ ಹೊಣೆ ಮನುಷ್ಯನದೇ ಆಗಿದೆ.