ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡೋದು?

ರಾತ್ರಿ ಎರಡು ಗಂಟೆ. ಡಾರ್ಮ್ ರೂಮಲ್ಲಿ ಮಗಳು ಒಬ್ಬಳೇ, ನಿದ್ದೆ ಹತ್ತಿರ ಸುಳೀತಿಲ್ಲ. ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ ಮನೇಲಿ ಮಲಗಿರೋ ಅಪ್ಪ-ಅಮ್ಮನನ್ನ ಎಬ್ಬಿಸೋಕೆ ಮನಸ್ಸಿಲ್ಲ. ಆಗ ಫೋನ್ ಎತ್ತೋರು ಯಾರು?

ಇದಕ್ಕೆ ನ್ಯೂಜೆರ್ಸಿಯ ಕಾನೂನಲ್ಲೇ ಉತ್ತರ ಇದೆ.

ಅಲ್ಲಿನ ಅಲೆಂಡೇಲ್ ಊರಿನ ಮ್ಯಾಡಿಸನ್ ಹಾಲರನ್ ಒಳ್ಳೆ ಓಟಗಾರ್ತಿ. ಕಾಲೇಜಿನ ಮೊದಲ ವರ್ಷದಲ್ಲೇ, 2014ರ ಜನವರಿಯಲ್ಲಿ, ಆತ್ಮಹತ್ಯೆಯಿಂದ ತೀರಿಕೊಂಡಳು. ವಯಸ್ಸು ಬರೀ 19. ಅವಳ ಹೆಸರಲ್ಲೇ 2016ರಲ್ಲಿ ಕಾಯ್ದೆ ಬಂತು.

ರಾಜ್ಯದ ಕಾಲೇಜುಗಳಿಗೆ ಅದು ಹೇಳೋದ್ರಲ್ಲಿ ಮುಖ್ಯವಾದದ್ದು ಎರಡು. ಒಂದು, ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದವರು ಹಗಲೂ ರಾತ್ರಿ, ವಾರದ ಏಳೂ ದಿನ, ಕ್ಯಾಂಪಸ್‌ನಲ್ಲೋ ಫೋನಲ್ಲೋ ಸಿಗಲೇಬೇಕು. ಎರಡು, ಪ್ರತಿ ಸೆಮಿಸ್ಟರ್ ಶುರುವಾದ 15 ದಿನದೊಳಗೆ ಅವರನ್ನ ಸಂಪರ್ಕಿಸೋ ವಿವರ ಪ್ರತಿ ವಿದ್ಯಾರ್ಥಿಯ ಈಮೇಲ್‌ಗೂ ಬರಬೇಕು.

ಆ ಈಮೇಲ್ ಹುಡುಕಿ. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ. ಜೊತೆಗೆ ಆತ್ಮಹತ್ಯೆ ತಡೆಯೋ ಸಹಾಯವಾಣಿ, 988. ಅಮೆರಿಕದಲ್ಲಿ ಎಲ್ಲಿಂದಾದ್ರೂ ಕಾಲ್ ಮಾಡಬಹುದು, ಮೆಸೇಜೂ ಕಳಿಸಬಹುದು. ಭಾರತದಲ್ಲಿ ಓದ್ತಿರೋ ತಮ್ಮ-ತಂಗಿಯರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಅಲ್ಲಿ ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡಬಹುದು.

ಅಪ್ಪ-ಅಮ್ಮಂದಿರೇ, "ಮಾರ್ಕ್ಸ್ ಎಷ್ಟು ಬಂತು?" ಅನ್ನೋ ಮೊದಲು "ಹೇಗಿದ್ದೀಯ ಕಂದ?" ಅಂತ ಕೇಳಿ. ಉತ್ತರ ಬರೋವರೆಗೂ ಕಾಯಿರಿ.