ಗುಲಗಂಜಿ ತೂಕದ ಲೆಕ್ಕ: ಮಾದರಿ ಜೆಟ್‌ಗಳ ನಿರ್ವಹಣೆ

ರೇಡಿಯೋ ನಿಯಂತ್ರಿತ ಮಾದರಿ ಜೆಟ್‌ಗಳಲ್ಲಿ ಹಲವಕ್ಕೆ ನಿಜವಾದ ಜೆಟ್ ಇಂಜಿನ್ ಇರುವುದಿಲ್ಲ. ಒಡಲಿನ ಕೊಳವೆಯೊಳಗಿನ ಫ್ಯಾನ್ ಗಾಳಿಯನ್ನು ಹಿಂದಕ್ಕೆ ತಳ್ಳಿ ಅವುಗಳನ್ನು ಮುನ್ನಡೆಸುತ್ತದೆ. ಬ್ರಷ್‌ರಹಿತ ಮೋಟಾರು ಹಾಗೂ ಲಿಥಿಯಂ ಪಾಲಿಮರ್ ಬ್ಯಾಟರಿಗಳಿಂದ ಈ ಹವ್ಯಾಸ ಸುಲಭವಾಗಿದೆ; ನಿರ್ವಹಣೆಯ ಶಿಸ್ತು ಮಾತ್ರ ಸಡಿಲವಾಗಿಲ್ಲ.

90 ಮಿ.ಮೀ. ವ್ಯಾಸದ ಫ್ಯಾನ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತಿದೆ ಎನ್ನೋಣ. ಕೇಂದ್ರದಿಂದ 30 ಮಿ.ಮೀ. ದೂರದಲ್ಲಿ ಒಂದು ಪಕ್ಕಕ್ಕೆ 0.1 ಗ್ರಾಂ, ಅಂದರೆ ಗುಲಗಂಜಿಗಿಂತ ಕಡಿಮೆ ತೂಕ, ಹೆಚ್ಚಾದರೂ ಬೇರಿಂಗುಗಳ ಮೇಲೆ ಸುಮಾರು 3 ಕಿಲೋ ಭಾರದಷ್ಟು ಎಳೆತ ಬೀಳುತ್ತದೆ. ಬೇರಿಂಗ್ ಸವೆದು ಅಲಗಿನ ತುದಿ ಕವಚಕ್ಕೆ ತಗುಲಿದರೆ ಫ್ಯಾನ್ ಒಡೆಯುತ್ತದೆ. ಆದುದರಿಂದ ಸಮತೋಲನ, ತಿರುಪುಗಳ ಬಿಗಿ ಹಾಗೂ ಅಲಗಿನ ಬಿರುಕುಗಳನ್ನು ಆಗಾಗ ಪರೀಕ್ಷಿಸಬೇಕು. ಫ್ಯಾನ್ ಕಲ್ಲು ಹೀರದಂತೆ ಓಡುದಾರಿಯನ್ನು ಗುಡಿಸಬೇಕು.

ಫ್ಯಾನಿನ ಗಾಳಿ ಬಾಲದ ಚುಕ್ಕಾಣಿಗಳ ಮೇಲೆ ಬೀಸದ ಕಾರಣ ವೇಗ ತಗ್ಗಿದರೆ ಹಿಡಿತ ತಪ್ಪುತ್ತದೆ. ಇಳಿಯುವ ವೇಳೆಗೆ ಬ್ಯಾಟರಿಯಲ್ಲಿ ಐದನೆಯ ಒಂದು ಭಾಗವಾದರೂ ಉಳಿದಿರಬೇಕು. ಬ್ಯಾಟರಿಯನ್ನು ಕೋಶವೊಂದಕ್ಕೆ ಸುಮಾರು 3.8 ವೋಲ್ಟ್‌ನಲ್ಲಿ ಶೇಖರಿಸಿಡುವುದು ಕ್ಷೇಮ.

ಅಗ್ಗದ ಫ್ಯಾನಿನಲ್ಲಿ ಉಳಿಸಿದ ಹಣ ಒಂದೇ ಹಾರಾಟದಲ್ಲಿ ಇಡೀ ವಿಮಾನದೊಡನೆ ನಷ್ಟವಾಗಬಹುದು. ಸಮತೋಲನ ಪರೀಕ್ಷಿಸಿ, ಬಿಡಿಭಾಗಗಳನ್ನೂ ಒದಗಿಸುವ ವರ್ತಕನಲ್ಲಿಗೆ ಗ್ರಾಹಕನು ಮರಳಿ ಬರುತ್ತಾನೆ.