ದುಡಿಮೆಯೊಡನೆ ಪದವಿ

ಗಣಕಶಾಸ್ತ್ರದ ಪದವಿಗಾಗಿ ಹಗಲೆಲ್ಲ ಕಾಲೇಜಿನಲ್ಲಿಯೇ ಕುಳಿತಿರಬೇಕೆಂದು ನಾವು ಭಾವಿಸುವುದು ರೂಢಿ. ಇಂಗ್ಲೆಂಡಿನಲ್ಲಿ 2015ರಿಂದ ಬೇರೊಂದು ದಾರಿಯೂ ಉಂಟು. ಅಲ್ಲಿ ‘ಪದವಿ ಅಪ್ರೆಂಟಿಸ್’ ಆದವರು ಒಂದು ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುತ್ತಲೇ ವಿಶ್ವವಿದ್ಯಾನಿಲಯದಲ್ಲಿ ಓದುತ್ತಾರೆ. ಬೋಧನಾ ಶುಲ್ಕದ ಹೊರೆ ಅವರ ಮೇಲಿಲ್ಲ. ಅಪ್ರೆಂಟಿಸ್ ಶಿಕ್ಷಣಕ್ಕೆಂದೇ 2017ರ ಏಪ್ರಿಲಿನಿಂದ, ವರ್ಷಕ್ಕೆ 30 ಲಕ್ಷ ಪೌಂಡಿಗೂ ಮಿಕ್ಕಿ ವೇತನ ಕೊಡುವ ಸಂಸ್ಥೆಗಳ ಮೇಲೆ ನೂರಕ್ಕೆ ಅರ್ಧದಂತೆ ಕರ ಹಾಕಲಾಗಿದೆ.

ಹೀಗೆ ಕಲಿಯುವುದರಲ್ಲಿ ವಿಶೇಷವೇನು? ಹತ್ತು ಲಕ್ಷ ಗಿರಾಕಿಗಳ ಪಟ್ಟಿಯಲ್ಲಿ ಒಂದು ಹೆಸರನ್ನು ಮೊದಲಿನಿಂದ ಹುಡುಕುತ್ತ ಹೋದರೆ ಹತ್ತು ಲಕ್ಷ ಸಲ ಹೋಲಿಸಬೇಕಾದೀತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿ ಸಲವೂ ನಡುವಿನ ಹೆಸರನ್ನು ನೋಡಿ ಬೇಡವಾದ ಅರ್ಧವನ್ನು ಕೈಬಿಟ್ಟರೆ 20 ಹೋಲಿಕೆಗಳೇ ಸಾಕು. ಏಕೆಂದರೆ 20 ಎರಡುಗಳ ಗುಣಲಬ್ಧ 10,48,576. ತರಗತಿಯಲ್ಲಿ ಇದು ಪರೀಕ್ಷೆಯ ಒಂದು ಪ್ರಶ್ನೆ ಮಾತ್ರ. (ಇದನ್ನು ಮನಗಾಣಿಸಲು ಅಧ್ಯಾಪಕರಾದ ನಾವು ಪಡುವ ಪಾಡು ಅಷ್ಟಿಷ್ಟಲ್ಲ!) ಕಚೇರಿಯಲ್ಲಾದರೋ ಗಿರಾಕಿ ಕಾದು ನಿಂತಿರುತ್ತಾನೆ.

ಆದರೆ ಈ ದಾರಿ ಸುಗಮವೇನಲ್ಲ. ಪಾಠಕ್ಕೆ ಸಾಮಾನ್ಯವಾಗಿ ವಾರದಲ್ಲಿ ಒಂದು ದಿನ ಬಿಡುವು ದೊರೆತರೂ ಪ್ರಬಂಧ, ಪರೀಕ್ಷೆಗಳು ಸಂಜೆಗಳನ್ನು ನುಂಗುತ್ತವೆ. ಇತರ ವಿದ್ಯಾರ್ಥಿಗಳಿಗಿರುವ ದೀರ್ಘವಾದ ಬೇಸಿಗೆಯ ರಜೆ ಇವರಿಗಿಲ್ಲ. ಮೇಲಾಗಿ, ನೌಕರಿಗೆ ಸಂಚಕಾರ ಬಂದರೆ ವ್ಯಾಸಂಗಕ್ಕೂ ಧಕ್ಕೆ ತಗುಲಬಹುದು.